ಹದಿನೈದು ದಿನಗಳ ಅವಧಿ

ಅವರೆಕಾಯಿಯನ್ನೋ ಕಡಲೆಪುರಿಯನ್ನೋ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಹಾಳೆಯನ್ನು ಓದುವ ಅಭ್ಯಾಸ ನಿಮಗುಂಟೆ? ನಮ್ಮ ನೆರೆಮನೆಯ ನಿವೃತ್ತ ಮೇಷ್ಟರಿಗೆ ಆ ಅಭ್ಯಾಸವಿತ್ತು. ಒಂದು ಸಂಜೆ ಅವರು ಮುದುರಿದ ಹಾಳೆಯೊಂದನ್ನು ಕೈಯಲ್ಲಿ ಹಿಡಿದು ನಮ್ಮ ಜಗಲಿಗೆ ಬಂದರು. ಒಂದು ಟೆಂಡರು ಪ್ರಕಟಣೆಗೂ, ಅಂಕಪಟ್ಟಿ ಕಳೆದುಹೋಗಿದೆ ಎಂಬ ಜಾಹೀರಾತಿಗೂ ನಡುವೆ ಆರೇ ಸಾಲಿನ ಮತ್ತೊಂದು ಪ್ರಕಟಣೆ ಅಲ್ಲಿತ್ತು. ಇಂಥಿಂಥ ಸರ್ವೆ ನಂಬರಿನ ಜಮೀನನ್ನು ವಸತಿ ಉಪಯೋಗದಿಂದ ಕೈಗಾರಿಕಾ ಉಪಯೋಗಕ್ಕೆ ಬದಲಾಯಿಸಲು ಅರ್ಜಿ ಬಂದಿರುತ್ತದೆ. ಆಕ್ಷೇಪಣೆಗಳಿದ್ದಲ್ಲಿ ಹದಿನೈದು ದಿನಗಳೊಳಗಾಗಿ ಸಲ್ಲಿಸತಕ್ಕದ್ದು. ಇಷ್ಟೇ ಅದರ ಒಕ್ಕಣೆ. ಆ ಸರ್ವೆ ನಂಬರು ನಮ್ಮ ಬೀದಿಯ ಹಿಂದಿನ ಬಯಲು. ಹುಡುಗರು ಚೆಂಡಾಡುವ, ಎರಡು ಹುಣಿಸೆಮರಗಳಿರುವ ಬಯಲು. ಪತ್ರಿಕೆಯ ತಾರೀಖಿನಿಂದ ಬೆರಳು ಮಡಿಸಿ ಎಣಿಸಿದೆವು. ಅಂದು ಹದಿನೇಳನೆಯ ದಿನ.

ಮರುದಿನ ಬೆಳಿಗ್ಗೆ ನಾಲ್ಕು ಮಂದಿ ಕಛೇರಿಗೆ ಹೋದೆವು. ಗುಮಾಸ್ತರು ಕೂರಿಸಿ ಮರ್ಯಾದೆಯಿಂದಲೇ ಮಾತನಾಡಿದರು. "ಅವಧಿ ಮುಗಿಯಿತಲ್ಲ ಸ್ವಾಮಿ, ಮೂರು ದಿನ ಮುಂಚೆ ಬಂದಿದ್ದರೆ ಕಡತಕ್ಕೆ ಸೇರಿಸುತ್ತಿದ್ದೆ" ಎಂದರು. ವರ್ಷ ಕಳೆಯುವುದರೊಳಗೆ ಆ ಬಯಲಿನಲ್ಲಿ ಕಲ್ಲು ಕೊಯ್ಯುವ ಕಾರ್ಖಾನೆ ಎದ್ದಿತು. ರಾತ್ರಿಯೆಲ್ಲ ಗರಗಸದ ಸದ್ದು. ಮಾಳಿಗೆಯ ಮೇಲೆ ಒಣಗಹಾಕಿದ ಸಂಡಿಗೆಯ ಮೇಲೆ ಬೆಳಗಾಗುವ ಹೊತ್ತಿಗೆ ಬಿಳಿಯ ಪುಡಿ. ಕಾರ್ಖಾನೆಯ ಯಜಮಾನರು ಕೆಟ್ಟವರೆಂದು ನಾನು ಹೇಳಲಾರೆ. ಅವರ ಬಳಿ ಕಾಗದಪತ್ರಗಳೆಲ್ಲ ಸರಿಯಾಗಿದ್ದುವು. ನಮ್ಮ ಬಳಿ ಇದ್ದದ್ದು ಅವಧಿ ಮೀರಿದ ಒಂದು ಅರ್ಜಿ ಮಾತ್ರ.

ನನ್ನ ಇಂದಿನ ಮಾತು ಆ ಹದಿನೈದು ದಿನಗಳನ್ನು ಕುರಿತದ್ದು.

ನಕ್ಷೆಯ ಮೇಲೆ ಎಳೆದ ಒಂದು ಗೆರೆ ಸಂಸಾರಸ್ಥರ ಬಾಳನ್ನು ಎಷ್ಟು ಮಟ್ಟಿಗೆ ಆಳುತ್ತದೆ ಎಂಬುದನ್ನು ಕಾಡಂಚಿನ ಜನ ನಮಗಿಂತ ಚೆನ್ನಾಗಿ ಬಲ್ಲರು. ಮಲೆ ಮಹದೇಶ್ವರನ ಬೆಟ್ಟವನ್ನು ಇಳಿದು, ಪಾಲಾರಿನ ದಾರಿ ಹಿಡಿದು, ಕಾವೇರಿಯ ಕಡೆಗೆ ತಿರುಗಿದರೆ ಗೋಪಿನಾಥಂ ಎಂಬ ಊರು ಸಿಕ್ಕುತ್ತದೆ. ಅದರ ಸುತ್ತಲಿನ ಕಾಡು 1987ರಲ್ಲಿ ಕಾವೇರಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅಲ್ಲಿ ಸೌದೆ ತರುವುದು, ದನ ಮೇಯಿಸುವುದು, ರಸ್ತೆ ಹಾಕುವುದು, ಎಲ್ಲಕ್ಕೂ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಜಾಗ ಗೆರೆಯ ಒಳಗೋ ಹೊರಗೋ? ಆ ಊರಿನ ಸಾಮಾನ್ಯ ರೈತನಿಗೂ ಗಡಿಕಲ್ಲು ಎಲ್ಲಿದೆಯೆಂದು ಗೊತ್ತು. ಪಟ್ಟಣದಲ್ಲಿರುವ ನಮಗೂ ಅಂಥದೇ ಗೆರೆಗಳುಂಟು. ವ್ಯತ್ಯಾಸವೆಂದರೆ ನಾವು ಅವನ್ನು ನೋಡಲು ಹೋಗಿಲ್ಲ, ಅಷ್ಟೆ.

ನಮ್ಮ ರಾಜ್ಯದಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಎಂಬುದೊಂದಿದೆ. 1961ರ ಕಾಯಿದೆಯೆಂದು ಅದರ ಹೆಸರು. ಜಾರಿಗೆ ಬಂದದ್ದು 1965ರಲ್ಲಿ. ಈ ಕಾಯಿದೆಯಂತೆ ಯೋಜನಾ ಪ್ರದೇಶವೆಂದು ಘೋಷಿತವಾದ ಪ್ರತಿ ಪಟ್ಟಣಕ್ಕೂ ಒಂದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ಸಿದ್ಧವಾಗಬೇಕು. ಅದರ ನಕ್ಷೆಯಲ್ಲಿ ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೂ ಬಯಲಿಗೂ ಹಸಿರು, ಹೀಗೆ ಬಣ್ಣ ಹಚ್ಚಿರುತ್ತಾರೆ. ಸಾಲ ಮಾಡಿ ನಿವೇಶನ ಕೊಂಡು ಮನೆ ಕಟ್ಟಿದವನು ತನ್ನ ಗೋಡೆಯನ್ನು ಮಾತ್ರ ನಂಬಿ ಕಟ್ಟಿದವನಲ್ಲ. ಪಕ್ಕದ ಜಾಗದ ಬಣ್ಣವನ್ನೂ ನಂಬಿ ಕಟ್ಟಿದವನು.

ಬಣ್ಣ ಬದಲಾದರೆ ಏನಾಗುತ್ತದೆ? ಒಂದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್‌ಗೆ ಮೀರಿ ಸದ್ದಿರಕೂಡದು. ಕೈಗಾರಿಕಾ ಪ್ರದೇಶದಲ್ಲಾದರೋ ಹಗಲು 75, ರಾತ್ರಿ 70ರ ವರೆಗೆ ಇರಬಹುದು. ನಲವತ್ತೈದಕ್ಕೂ ಎಪ್ಪತ್ತಕ್ಕೂ ಬರಿಯ ಇಪ್ಪತ್ತೈದರ ಅಂತರವಲ್ಲವೆ, ಇದೇನು ಮಹಾ ಎಂದು ತೋರಬಹುದು. ಆದರೆ ಡೆಸಿಬೆಲ್ಲಿನ ಲೆಕ್ಕ ಸೇರು ಪಾವಿನ ಲೆಕ್ಕವಲ್ಲ. ಪ್ರತಿ ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತರಷ್ಟಾಗುತ್ತದೆ. ಇಪ್ಪತ್ತೈದು ಏರಿದರೆ ಮುನ್ನೂರರಷ್ಟಕ್ಕೂ ಮಿಗಿಲು. ನಿನ್ನೆಯವರೆಗೆ ಅಪರಾಧವಾಗಿದ್ದ ರಾತ್ರಿಯ ಸದ್ದು ನಕ್ಷೆಯಲ್ಲಿ ಬಣ್ಣ ಬದಲಾದೊಡನೆ ನ್ಯಾಯವಾದ ಸದ್ದಾಗುತ್ತದೆ. ಕೂಸು ಬೆಚ್ಚಿಬಿದ್ದು ಎದ್ದರೆ ದೂರುವುದಕ್ಕೆ ಆಧಾರವೇ ತಪ್ಪಿಹೋಗುತ್ತದೆ. ಗಾಳಿಯ ವಿಷಯದಲ್ಲಿ 2009ರಿಂದೀಚೆಗೆ ವಸತಿ ಪ್ರದೇಶಕ್ಕೂ ಕೈಗಾರಿಕಾ ಪ್ರದೇಶಕ್ಕೂ ಒಂದೇ ಮಿತಿ. ಸದ್ದಿನಲ್ಲಿ ಮಾತ್ರ ಈ ಭೇದ ಉಳಿದಿದೆ.

ಇನ್ನೊಂದು ಸಂಗತಿಯೂ ಉಂಟು. ದೊಡ್ಡ ಕಾರ್ಖಾನೆಯೊಂದು ಬರುವ ಮುಂಚೆ ಸ್ಥಳದ ಜನರನ್ನು ಕರೆದು ಸಾರ್ವಜನಿಕವಾಗಿ ವಿಚಾರಿಸಬೇಕೆಂದು 2006ರ ಪರಿಸರ ಅಧಿಸೂಚನೆಯಲ್ಲಿ ಹೇಳಿದೆ. ಅದಕ್ಕೆ ಮೂವತ್ತು ದಿನ ಮೊದಲೇ ಪತ್ರಿಕೆಗಳಲ್ಲಿ ತಿಳಿಸಬೇಕು. ಒಂದು ಪತ್ರಿಕೆಯಾದರೂ ಆ ನಾಡಿನ ಭಾಷೆಯದಾಗಿರಬೇಕು. ಆದರೆ ಪರಿಸರ ಒಪ್ಪಿಗೆ ಪಡೆದ ಕೈಗಾರಿಕಾ ವಲಯದ ಒಳಗೆ ಬರುವ ಕಾರ್ಖಾನೆಗೆ ಬೇರೆಯಾಗಿ ಈ ವಿಚಾರಣೆಯ ಅಗತ್ಯವಿಲ್ಲದೆ ಹೋಗಬಹುದು. ಎಂದರೆ ವಲಯ ಆಗುವಾಗ ಸುಮ್ಮನಿದ್ದವನಿಗೆ ಕಾರ್ಖಾನೆ ಬರುವಾಗ ಬಾಯಿ ತೆರೆಯುವ ಸಂದರ್ಭವೇ ಸಿಕ್ಕದಿರಬಹುದು. ಆದುದರಿಂದ ಎಚ್ಚರವಿರಬೇಕಾದದ್ದು ಹೊಗೆಯ ಕೊಳವೆ ಏಳುವಾಗ ಅಲ್ಲ, ಬಣ್ಣ ಬದಲಾಗುವಾಗ.

ಹಾಗಾದರೆ ಒಮ್ಮೆ ಹಚ್ಚಿದ ಬಣ್ಣವನ್ನು ಬದಲಾಯಿಸಬಹುದೆ? ಬದಲಾಯಿಸಬಹುದು. ಊರು ಬೆಳೆಯುತ್ತದೆ, ಅಗತ್ಯಗಳು ಬದಲಾಗುತ್ತವೆ. ಅದಕ್ಕಾಗಿ 1991ರಲ್ಲಿ ಕಾಯಿದೆಗೆ 14ಎ ಎಂಬ ಕಲಮನ್ನು ಸೇರಿಸಿದರು. ಅದರಲ್ಲಿ ಯೋಜನಾ ಪ್ರಾಧಿಕಾರವು ಸರ್ಕಾರದ ಒಪ್ಪಿಗೆ ಪಡೆದು ಬದಲಾವಣೆ ಮಾಡಬಹುದೆಂದಿದೆ. ಆದರೆ ಮೂರು ಕಟ್ಟುಗಳುಂಟು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಬೇರೆ ಕಾನೂನಿಗೆ ವಿರುದ್ಧವಾಗಿರಬಾರದು. ಆ ಪ್ರದೇಶದಲ್ಲಿ ಪ್ರಚಾರದಲ್ಲಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಹದಿನೈದು ದಿನಗಳಿಗೆ ಕಡಿಮೆಯಿಲ್ಲದಂತೆ ಅವಧಿ ಕೊಟ್ಟು, ಜನರ ಆಕ್ಷೇಪಣೆಯನ್ನು ಕೇಳಬೇಕು. ಅವರೆಕಾಯಿಯ ಹಾಳೆಯಲ್ಲಿ ನಮ್ಮ ಮೇಷ್ಟರು ಕಂಡದ್ದು ಈ ಮೂರನೆಯ ಕಟ್ಟನ್ನು.

ಇಂಥ ಪ್ರಕಟಣೆಗಳನ್ನು ಯಾರು ಓದುತ್ತಾರೆ ಎಂದು ನಗುವವರಿದ್ದಾರೆ. ನ್ಯಾಯಾಲಯ ನಗುವುದಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಎತ್ತರದ ಕಟ್ಟಡಗಳು ಏಳತೊಡಗಿದಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ನಗರದ ಯೋಜನೆಯಲ್ಲಿ ಇಷ್ಟು ಎತ್ತರಕ್ಕೆ ಅವಕಾಶವಿಲ್ಲವೆಂಬುದು ಅವರ ವಾದ. ಆ ಯೋಜನೆಯ ನಿಯಮಗಳನ್ನು ಸರಿಯಾಗಿ ಪ್ರಕಟಿಸಿಯೇ ಇಲ್ಲ, ಆದುದರಿಂದ ಅವು ನಮಗೆ ಅನ್ವಯಿಸುವುದಿಲ್ಲ ಎಂದು ಕಟ್ಟಡದವರು ಹೇಳಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1987ರಲ್ಲಿ ತೀರ್ಪಾಯಿತು. ಜನರನ್ನು ಕಟ್ಟಿಹಾಕುವ ನಿಯಮವನ್ನು ಜನರಿಗೆ ತಿಳಿಯಪಡಿಸಲೇಬೇಕು ಎಂಬ ತತ್ತ್ವವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಜೊತೆಗೆ, ಯೋಜನೆಗೆ ಮಂಜೂರಾತಿ ದೊರೆತಿದೆ, ಅದರ ಪ್ರತಿಯನ್ನು ಕಛೇರಿಯಲ್ಲಿ ಬಂದು ನೋಡಬಹುದು ಎಂದು ಗೆಜೆಟ್ಟಿನಲ್ಲಿ ತಿಳಿಸಿದ್ದರೆ ಅದು ತಿಳಿಯಪಡಿಸಿದಂತೆಯೇ ಎಂದೂ ಹೇಳಿತು. ನಿವಾಸಿಗಳು ಗೆದ್ದರು. ಆದರೆ ಈ ತೀರ್ಪಿಗೆ ಇನ್ನೊಂದು ಮುಖವಿದೆ. ಕಛೇರಿಯಲ್ಲಿ ಬಂದು ನೋಡಿ ಎಂದು ಪ್ರಕಟಿಸಿದ ಮೇಲೆ ನನಗೆ ಗೊತ್ತಿರಲಿಲ್ಲ ಎನ್ನುವ ಮಾತು ಕಟ್ಟಡದವರಿಗೆ ಹೇಗೋ ಹಾಗೆಯೇ ನಿಮಗೂ ನನಗೂ ಸಲ್ಲದು.

ಅದೇ ಬಡಾವಣೆಯಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಮುಖ್ಯಮಂತ್ರಿಗಳ ಸೂಚನೆಯಂತೆ ಖಾಸಗಿ ಸಂಸ್ಥೆಯೊಂದಕ್ಕೆ ಆಸ್ಪತ್ರೆ ಕಟ್ಟಲು ಕೊಡಲಾಯಿತು. ಆಸ್ಪತ್ರೆ ಒಳ್ಳೆಯದಲ್ಲವೆ? ಒಳ್ಳೆಯದೇ. ಆದರೂ ನಿವಾಸಿಗಳು ಆಕ್ಷೇಪಿಸಿದರು. 1991ರ ಜುಲೈ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಯೋಜನೆಯಲ್ಲಿ ಜನರೆಲ್ಲರ ಉಪಯೋಗಕ್ಕೆಂದು ತೆಗೆದಿರಿಸಿದ ಬಯಲನ್ನು ಒಬ್ಬರ ಅಪ್ಪಣೆಯಿಂದ ಬೇರೆಯದಕ್ಕೆ ತಿರುಗಿಸಲಾಗದು. ಅದನ್ನು ಪ್ರಶ್ನಿಸುವ ಅಧಿಕಾರ ಆ ಬಡಾವಣೆಯಲ್ಲಿ ವಾಸಿಸುವವರಿಗೆ ಉಂಟು. ಇದು ಅದರ ಸಾರ. ಒಳ್ಳೆಯ ಕೆಲಸಕ್ಕೇ ಈ ಕಟ್ಟು ಅನ್ವಯಿಸುವುದಾದರೆ ಹೊಗೆ ಧೂಳುಗಳ ಕೆಲಸಕ್ಕೆ ಅನ್ವಯಿಸದೆ?

ಕಾರ್ಖಾನೆಗಳನ್ನೇ ಕುರಿತ ತೀರ್ಪೂ ಇದೆ. ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡಿನ ಬಳಿ ಪಟ್ಟಂದೂರು ಅಗ್ರಹಾರ ಎಂಬ ಊರಿದೆ. ಇಂದು ಅಲ್ಲಿ ಗಾಜಿನ ಗೋಡೆಗಳ ಗಣಕಯಂತ್ರದ ಕಛೇರಿಗಳು ತುಂಬಿವೆ. ಅವು ಬರುವ ಮುಂಚಿನ ಮಾತು: ಯೋಜನೆಯಲ್ಲಿ ವಸತಿಗೆಂದು ಗುರುತಿಸಿದ್ದ ಜಾಗದಲ್ಲಿ ಕೈಗಾರಿಕೆಗಳು ನಡೆಯುತ್ತಿದ್ದುವು. ನಿವಾಸಿಗಳು ಹೈಕೋರ್ಟಿಗೆ ಮೊರೆಹೊಕ್ಕರು. ಯೋಜನೆಯನ್ನು ಮಾಡಿದ ಅಧಿಕಾರಿಗಳು ಅದು ಕಣ್ಣೆದುರಿಗೇ ಮುರಿಯುತ್ತಿರುವಾಗ ಕೈಕಟ್ಟಿ ಕೂರುವಂತಿಲ್ಲ. ಶುದ್ಧವಾದ ಪರಿಸರದಲ್ಲಿ ಬಾಳುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನೊಳಗೇ ಸೇರಿದ್ದು ಎಂದು ಕರ್ನಾಟಕ ಹೈಕೋರ್ಟು 1991ರಲ್ಲಿ ಸ್ಪಷ್ಟಪಡಿಸಿತು.

ಇವೆಲ್ಲ ನ್ಯಾಯಾಲಯದಲ್ಲಿ ನಡೆದವು. ಬೀದಿಯಲ್ಲಿ ಕುಳಿತು ಗೆದ್ದವರೂ ಉಂಟು. ಚಕೋತಕ್ಕೆ ಹೆಸರಾದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಹದಿಮೂರು ಹಳ್ಳಿಗಳ ಸುಮಾರು 1,777 ಎಕರೆ ಜಮೀನನ್ನು ಕೈಗಾರಿಕೆಗೆಂದು ವಶಪಡಿಸಿಕೊಳ್ಳಲು ಅಧಿಸೂಚನೆ ಹೊರಟಿತು. ಈ ಕ್ರಮ ನಡೆದದ್ದು ಬೇರೊಂದು ಕಾನೂನಿನಡಿ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಂತೆ ಸರ್ಕಾರ ಒಂದು ಪ್ರದೇಶವನ್ನು ಕೈಗಾರಿಕಾ ಪ್ರದೇಶವೆಂದು ಸಾರಬಹುದು. ಅನಂತರ ಜಮೀನಿನ ಒಡೆಯನಿಗೆ ನೋಟೀಸು ಕೊಟ್ಟು, ಮೂವತ್ತು ದಿನಗಳ ಅವಕಾಶವಿತ್ತು, ಅವನ ಮಾತು ಕೇಳಿ, ಜಮೀನನ್ನು ಪಡೆಯಬಹುದು. ದ್ರಾಕ್ಷಿ, ರಾಗಿ, ತರಕಾರಿ, ಹಾಲು ಇವುಗಳಿಂದ ಬದುಕು ನಡೆಸುತ್ತಿದ್ದ ಆ ಹಳ್ಳಿಗಳ ಜನ 2022ರ ಏಪ್ರಿಲ್ 4ರಂದು ಧರಣಿ ಕುಳಿತರು. ಎದ್ದದ್ದು 2025ರ ಜುಲೈ 15ರಂದು, ಭೂಸ್ವಾಧೀನವನ್ನು ಕೈಬಿಟ್ಟೆವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದ ಮೇಲೆ. ಲೆಕ್ಕ ಹಾಕಿದರೆ 1,198 ದಿನ. ಮೂರು ಮಳೆಗಾಲಗಳನ್ನು ಕಳೆದು ನಾಲ್ಕನೆಯದು ಹಿಡಿದಿತ್ತು.

ಕೊಪ್ಪಳದ್ದು ಪಟ್ಟಣದವರ ಕಥೆ. ಕವಿರಾಜಮಾರ್ಗದಲ್ಲಿಯೇ ಹೆಸರು ಪಡೆದ ಊರದು. ಅಶೋಕನ ಶಾಸನಗಳಿರುವ ಬೆಟ್ಟಗಳ ಊರು. ಅದರ ಸುತ್ತ ಕಬ್ಬಿಣದ ಕಾರ್ಖಾನೆಗಳು ಈಗಾಗಲೇ ಇವೆ. ಊರಿಗೆ ಅಂಟಿಕೊಂಡಂತೆ ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮಿಗಿಲಾಗಿ ಉಕ್ಕು ತಯಾರಿಸುವ ಬಲ್ಡೋಟ ಸಮೂಹದ ಯೋಜನೆಯ ಸುದ್ದಿ ಬಂದಾಗ, 2025ರ ಫೆಬ್ರವರಿ 24ರಂದು ಊರೇ ಬೀದಿಗಿಳಿಯಿತು. ಗವಿಮಠದ ಸ್ವಾಮಿಗಳೂ ಜನರ ಜೊತೆಗೆ ನಿಂತರು. ಮಾರ್ಚ್ ತಿಂಗಳ ಆರಂಭದಲ್ಲಿ ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿಗಳು ಸೂಚಿಸಿದರು. ಆದರೆ ಅಲ್ಲಿಯೇ ಇನ್ನೊಂದು ದನಿಯೂ ಕೇಳಿಬಂತು. ಎಷ್ಟೋ ವರ್ಷಗಳ ಹಿಂದೆ ಇದೇ ಕಾರ್ಖಾನೆಗೆಂದು ಜಮೀನು ಕೊಟ್ಟ ರೈತರು, ಭೂಮಿಯೂ ಹೋಯಿತು, ಕಾರ್ಖಾನೆಯೂ ಬರದಿದ್ದರೆ ನಮ್ಮ ಮಕ್ಕಳಿಗೆ ಕೆಲಸವೆಲ್ಲಿ, ಎಂದು ಕೇಳಿದರು. ಅವರ ಪ್ರಶ್ನೆಯನ್ನು ನಾವು ಕಿವಿಗೆ ಹಾಕಿಕೊಳ್ಳದೆ ಇರಲಾಗದು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಾರ್ಖಾನೆ ಬೇಡವೆನ್ನುವವನ ಮನೆಯ ಛಾವಣಿಯ ಕಬ್ಬಿಣ, ಸಿಮೆಂಟು, ನೆಲದ ಕಲ್ಲು ಎಲ್ಲವೂ ಯಾವುದೋ ಕಾರ್ಖಾನೆಯಿಂದಲೇ ಬಂದವು. ಭದ್ರಾವತಿಯಂಥ ಊರು ಬೆಳೆದದ್ದೇ ಕಾರ್ಖಾನೆಯಿಂದ. ಕೈಗಾರಿಕೆಯೂ ಸಂಸಾರವೂ ಹುಟ್ಟುವೈರಿಗಳಲ್ಲ. ಯಾವುದು ಎಲ್ಲಿರಬೇಕು, ನಡುವೆ ಎಷ್ಟು ಅಂತರವಿರಬೇಕು ಎಂಬುದಷ್ಟೇ ಪ್ರಶ್ನೆ.

ನಮ್ಮ ಬೀದಿಯ ಕಥೆಗೆ ಮತ್ತೆ ಬರುತ್ತೇನೆ. ಕಲ್ಲಿನ ಕಾರ್ಖಾನೆ ಆರಂಭವಾದ ಮೇಲೆ ನಾವೊಂದು ದೊಡ್ಡ ಅರ್ಜಿ ಬರೆದೆವು. ಇದನ್ನು ಇಲ್ಲಿಂದ ತೆಗೆದು ನಾಲೆಯ ಆಚೆಗೆ ಹಾಕಬೇಕೆಂದು ಅದರ ಕೊನೆಯ ಸಾಲು. ಎಲ್ಲರೂ ರುಜು ಹಾಕಿದರು. ಮೇಷ್ಟರು ಮಾತ್ರ ಕನ್ನಡಕ ಸರಿಮಾಡಿಕೊಂಡು, "ನಾಲೆಯ ಆಚೆಗೆ ಯಾರಿದ್ದಾರೆ?" ಎಂದು ಕೇಳಿದರು. ಅಲ್ಲಿದ್ದದ್ದು ಅದೇ ಕಾರ್ಖಾನೆಯಲ್ಲಿ ಕಲ್ಲು ಹೊರುವವರ ಗುಡಿಸಲುಗಳು. "ನಮ್ಮ ಮಕ್ಕಳಿಗೆ ಬೇಡವಾದ ಧೂಳು ಅವರ ಮಕ್ಕಳಿಗೆ ಆದೀತೇನಪ್ಪ?" ಎಂದರು. ಯಾರೂ ಮಾತನಾಡಲಿಲ್ಲ. ಆ ಸಾಲನ್ನು ಹೊಡೆದುಹಾಕಿ ಬೇರೆ ಬರೆದೆವು. ರಾತ್ರಿ ಗರಗಸ ನಿಲ್ಲಬೇಕು. ಕೊಯ್ಯುವಾಗ ನೀರು ಬಿಟ್ಟು ಧೂಳನ್ನು ಅಡಗಿಸಬೇಕು. ಕಲ್ಲಿನ ರಾಡಿಯನ್ನು ಚರಂಡಿಗೆ ಬಿಡಕೂಡದು. ಆಮೇಲೆ ಅಲ್ಲಿಯ ಕೆಲಸಗಾರರೂ ಕೆಲವರು ರುಜು ಹಾಕಿದರು, ಏಕೆಂದರೆ ಆ ಧೂಳನ್ನು ಹಗಲೆಲ್ಲ ಉಸಿರಾಡುತ್ತಿದ್ದವರು ಅವರೇ. ಬಹಳ ಓಡಾಟದ ಮೇಲೆ ರಾತ್ರಿ ಹತ್ತರ ಅನಂತರ ಗರಗಸ ನಿಂತಿತು. ಧೂಳು ಪೂರ್ತಿ ನಿಲ್ಲಲಿಲ್ಲ. ಹದಿನೈದು ದಿನಗಳೊಳಗೆ ಕಡತಕ್ಕೆ ಸೇರಿದ್ದರೆ ಒಂದು ಹಾಳೆಯಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ನಾಲ್ಕು ವರ್ಷ ಹಿಡಿಯಿತು.

ಆದುದರಿಂದ ನಿಮ್ಮ ಬಡಾವಣೆಗೆ ಇಂಥ ಸಂದರ್ಭ ಬಂದರೆ ಏನು ಮಾಡಬೇಕೆಂಬುದನ್ನು ಅನುಭವದಿಂದ ಹೇಳುತ್ತೇನೆ.

ಮೊದಲನೆಯದು, ಪ್ರಕಟಣೆ ಬರುವ ಮುಂಚೆಯೇ ಒಂದು ದಿನ ಬಿಡುವು ಮಾಡಿಕೊಂಡು ಯೋಜನಾ ಪ್ರಾಧಿಕಾರದ ಕಛೇರಿಗೆ ಹೋಗಿ ನಿಮ್ಮ ಬೀದಿಯ ಸುತ್ತಲಿನ ಬಣ್ಣಗಳನ್ನು ನೋಡಿಕೊಂಡು ಬನ್ನಿ. ಬಯಲಿನ ಸರ್ವೆ ನಂಬರುಗಳನ್ನು ಬರೆದುಕೊಳ್ಳಿ. ಪ್ರಕಟಣೆಯಲ್ಲಿ ಬೀದಿಯ ಹೆಸರಿರುವುದಕ್ಕಿಂತ ನಂಬರಿರುವುದೇ ಹೆಚ್ಚು. ನಂಬರು ಗೊತ್ತಿಲ್ಲದವನಿಗೆ ತನ್ನ ಹಿತ್ತಲಿನ ಸುದ್ದಿಯೂ ಪರದೇಶದ ಸುದ್ದಿಯೇ.

ಎರಡನೆಯದು, ಪ್ರಕಟಣೆ ಕಂಡ ದಿನವೇ ಹೋಗಿ ಕಡತವನ್ನು ಕಣ್ಣಾರೆ ನೋಡಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಾಯುತ್ತೇನೆಂದರೆ ಅದರ ಉತ್ತರಕ್ಕೆ ಮೂವತ್ತು ದಿನಗಳ ಅವಕಾಶವಿದೆ. ನಿಮಗಿರುವುದು ಹದಿನೈದೇ ಆಗಿರಬಹುದು.

ಮೂರನೆಯದು, ಆಕ್ಷೇಪಣೆಯಲ್ಲಿ ಕೋಪ ಬೇಡ, ಸಂಗತಿ ಇರಲಿ. ನಮ್ಮ ಮನೆಗಳ ಬೆಲೆ ಇಳಿಯುತ್ತದೆ ಎಂಬುದು ನಿಮ್ಮ ಹಿತ. ಕಾಯಿದೆ ಕೇಳುವುದು ಸಾರ್ವಜನಿಕ ಹಿತವನ್ನು. ಶಾಲೆ ಎಷ್ಟು ದೂರದಲ್ಲಿದೆ, ಕುಡಿಯುವ ನೀರಿನ ಬಾವಿ ಎಲ್ಲಿದೆ, ರಸ್ತೆಯ ಅಗಲವೆಷ್ಟು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನು ಬರೆಯಿರಿ. ನಮ್ಮಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ; ಊರಿನ ಪಶ್ಚಿಮಕ್ಕೆ ಕಾರ್ಖಾನೆ ಹಾಕಿದರೆ ಅಷ್ಟು ಕಾಲವೂ ಹೊಗೆ ಊರಿನ ಮೇಲೆಯೇ ಬರುತ್ತದೆ. ಇದನ್ನು ತಿಳಿಯಲು ಇಂಜಿನಿಯರೇ ಬೇಕೆಂದಿಲ್ಲ. ಬಟ್ಟೆ ಒಣಗಹಾಕುವ ಮನೆಯಾಕೆಗೆ ಅದು ಗೊತ್ತು. ಅವರನ್ನೂ ಕೇಳಿ ಬರೆಯಿರಿ.

ನಾಲ್ಕನೆಯದು, ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಖು, ರುಜು ಹಾಕಿಸಿಕೊಂಡು ಬನ್ನಿ. ಬಾಯಿಮಾತಿನ ಆಶ್ವಾಸನೆ ಕಡತಕ್ಕೆ ಸೇರುವುದಿಲ್ಲ.

ಕೊನೆಯದು ಮೇಷ್ಟರು ಕಲಿಸಿದ್ದು. ಅರ್ಜಿಗೆ ರುಜು ಹಾಕುವ ಮುಂಚೆ, ಇದು ಇಲ್ಲಿ ಬೇಡವೆಂದರೆ ಯಾರ ಮನೆಯ ಮುಂದೆ ಹೋಗುತ್ತದೆ ಎಂದು ಒಂದು ಸಲ ಕೇಳಿಕೊಳ್ಳಿ.

ಮೇಷ್ಟರು ಈಗಿಲ್ಲ. ಅವರು ಹಾಕಿಕೊಟ್ಟ ಒಂದು ಏರ್ಪಾಡು ನಮ್ಮ ಬೀದಿಯಲ್ಲಿ ಉಳಿದಿದೆ. ತಿಂಗಳಿಗೊಂದು ಮನೆಯವರು ಸರದಿಯ ಮೇಲೆ ದಿನಪತ್ರಿಕೆಯ ಸಣ್ಣಕ್ಷರದ ಪ್ರಕಟಣೆಗಳನ್ನೆಲ್ಲ ಓದಬೇಕು. ನಮ್ಮ ಸರ್ವೆ ನಂಬರು ಕಂಡರೆ ಆ ದಿನವೇ ನೆರೆಮನೆಗಳಿಗೆ ತಿಳಿಸಬೇಕು. ಈ ತಿಂಗಳ ಸರದಿ ನಮ್ಮ ಮನೆಯದು. ಹಾಳೆಯನ್ನು ಓದಿ ಮುಗಿಸುವವರೆಗೆ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಲು ಯಾರಿಗೂ ಕೊಡುವುದಿಲ್ಲ.